ತೋಟದ ಪುಟ್ಟ ಕಂಪ್ಯೂಟರಿಗೆ ನೆಚ್ಚಿಕೆಯ ಸಂಪರ್ಕ

ಬಣಕಲ್ ಸುತ್ತಿನ ಬೆಳೆಗಾರರೇ, ಹೂಮಳೆ ದೂರದ ತಾಕಿಗೆ ಎಷ್ಟು ಬಿತ್ತೆಂದು ತಿಳಿಯದೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಯಿಸುವುದು ಹೇಗೆ? ಮಳೆಮಾಪಕಕ್ಕೆ ಜೋಡಿಸಿದ ರಾಸ್ಪ್‌ಬೆರಿ ಪೈಗೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಸಂಪರ್ಕ ಕಡಿದರೆ ಅದು ಇದ್ದೂ ಇಲ್ಲದಂತೆ.

100 ಮೀಟರಿನೊಳಗೆ ಈಥರ್‌ನೆಟ್ ತಂತಿಯೇ ಲೇಸು, ಆದರೆ ಸಿಡಿಲಿನ ಕಾಲದಲ್ಲಿ ಬಿಡಿಸಿಡಿರಿ. ವೈಫೈ ಆದರೆ ಮರಗಳ ನಡುವೆ ದೂರ ಸಾಗುವ 2.4 ಗಿಗಾಹರ್ಟ್ಸ್ ಆರಿಸಿರಿ.

ಕರೆಂಟು ಹೋಗಿ ಬಂದಾಗ ಪೈ ಮೊದಲೇ ಎದ್ದು, ರೌಟರ್ ತಡವಾಗಿ ಏಳುವುದುಂಟು. 2023ರ ಅಕ್ಟೋಬರ್‌ನಿಂದ ಬಂದ ಆವೃತ್ತಿಗಳಲ್ಲಿ ಸಂಪರ್ಕದ ಹೊಣೆ ನೆಟ್‌ವರ್ಕ್‌ಮ್ಯಾನೇಜರ್‌ನದು. ಅದು ವಾಡಿಕೆಯಂತೆ 4 ಸಲ ಯತ್ನಿಸಿ ಕೆಲಹೊತ್ತು ಸುಮ್ಮನಾಗುತ್ತದೆ. ಮರುಯತ್ನದ ಸಂಖ್ಯೆಯನ್ನು 0 ಎಂದಿಟ್ಟರೆ ಬಿಡದೆ ಯತ್ನಿಸುತ್ತದೆ. ರೌಟರಿನಲ್ಲಿ ಪೈಗೆ ಒಂದೇ ವಿಳಾಸವನ್ನು ಕಾಯ್ದಿರಿಸಿರಿ. ತಾಕಿಗೆ ಒಯ್ಯುವ ಮುನ್ನ ಮನೆಯಲ್ಲೇ ರೌಟರಿನ ಪ್ಲಗ್ ಕಿತ್ತು, ಹತ್ತು ನಿಮಿಷ ಬಿಟ್ಟು ಹಾಕಿ ನೋಡಿರಿ.