ಕೈ ಅಲುಗಿದರೂ ಸೈಟ್ ಕದಲದಿರಲಿ

ಪಿಸ್ತೂಲ್ ಶೂಟಿಂಗ್ ಕಲಿಯಲು ಬಂದವರು ಮೊದಲ ವಾರದಲ್ಲೇ ಕೋಚ್ ಮುಂದಿಡುವ ದೂರು ಸಾಮಾನ್ಯವಾಗಿ ಒಂದೇ: ‘ಕೈ ನಡುಗುತ್ತೆ ಸರ್, ನಿಲ್ಲಿಸೋದು ಹೇಗೆ?’ ನಿಲ್ಲಿಸಲು ಆಗುವುದಿಲ್ಲ ಎಂಬುದೇ ಇದಕ್ಕೆ ಪ್ರಾಮಾಣಿಕ ಉತ್ತರ. ಚಾಚಿದ ಒಂಟಿ ಕೈಯಲ್ಲಿ ಸುಮಾರು ಒಂದು ಕಿಲೋ ಭಾರ ಹಿಡಿದು ನಿಂತರೆ ಭುಜದ ಸ್ನಾಯುಗಳು ಬಿಗಿಯುತ್ತ ಸಡಿಲುತ್ತ ಇರುತ್ತವೆ, ಎದೆಬಡಿತ ತೋಳಿನ ತನಕ ಹರಿಯುತ್ತದೆ, ನಿಂತ ಮೈಯೇ ಹಿಂದೆ ಮುಂದೆ ತೂಗುತ್ತದೆ. ಒಲಿಂಪಿಕ್ ಪದಕ ಗೆದ್ದವರ ಕೈಯೂ ಅಲುಗುತ್ತದೆ. ಅವರ ಅಲುಗಾಟದ ಹರವು ಚಿಕ್ಕದು, ಅದರ ಬಗ್ಗೆ ಅವರಿಗೆ ಗಾಬರಿಯಿಲ್ಲ. ಹೊಸಬರು ಅಂಕ ಕಳೆದುಕೊಳ್ಳುವುದು ನಡುಕದಿಂದ ಅಷ್ಟಲ್ಲ, ನಡುಕವನ್ನು ಗೆಲ್ಲಲು ಕೊನೆಯ ಗಳಿಗೆಯಲ್ಲಿ ಮಾಡುವ ಸಾಹಸದಿಂದ.

ಮೊದಲು ಅಳತೆಗಳು. ಇಲ್ಲಿ ಮಾತಾಡುತ್ತಿರುವುದು 10 ಮೀಟರ್ ಏರ್ ಪಿಸ್ತೂಲ್ ಬಗ್ಗೆ. ನಮ್ಮಲ್ಲಿ ಹೆಚ್ಚಿನವರ ಕಲಿಕೆ ಶುರುವಾಗುವುದೇ ಅದರಿಂದ. ಪೆಲೆಟ್ಟಿನ ವ್ಯಾಸ 4.5 ಮಿಲಿಮೀಟರ್. ಟಾರ್ಗೆಟ್‌ನ ನಡುವಿನ ಕಪ್ಪು ವೃತ್ತ 59.5 ಮಿಲಿಮೀಟರ್, ಅದರೊಳಗಿನ ಹತ್ತರ ವೃತ್ತ ಬರೀ 11.5 ಮಿಲಿಮೀಟರ್. ಟ್ರಿಗರ್ ಕನಿಷ್ಠ 500 ಗ್ರಾಂ ಒತ್ತಡ ಕೇಳಬೇಕು, ಪಿಸ್ತೂಲ್ 1500 ಗ್ರಾಂ ಮೀರಬಾರದು, ಹಿಡಿಯುವುದು ಒಂದೇ ಕೈಯಲ್ಲಿ, ಮಣಿಕಟ್ಟಿಗೆ ಯಾವ ಆಸರೆಯೂ ಇರಕೂಡದು. ಅರ್ಹತಾ ಸುತ್ತಿನಲ್ಲಿ 60 ಗುಂಡು, 75 ನಿಮಿಷ. ನಿಯಮ ಇಷ್ಟು ಗೊತ್ತಿದ್ದರೆ ಸದ್ಯಕ್ಕೆ ಸಾಕು.

ಪಿಸ್ತೂಲಿನ ಮೇಲೆ ಎರಡು ಸೈಟ್‌ಗಳಿವೆ. ಕಣ್ಣಿನ ಕಡೆಗಿರುವ ರಿಯರ್ ಸೈಟ್‌ನಲ್ಲಿ ಚೌಕಾಕಾರದ ಒಂದು ಕಚ್ಚು. ನಳಿಗೆಯ ತುದಿಯಲ್ಲಿ ನೆಟ್ಟಗೆ ನಿಂತ ಪುಟ್ಟ ಕಂಬದಂಥದ್ದು ಫ್ರಂಟ್ ಸೈಟ್. ಕಚ್ಚಿನ ನಡುವೆ ಕಂಬ ನಿಲ್ಲಬೇಕು, ಎಡಬಲದಲ್ಲಿ ಬೆಳಕಿನ ಸಂದು ಸಮನಾಗಿರಬೇಕು, ಕಚ್ಚಿನ ಎರಡು ಬದಿ ಮತ್ತು ಕಂಬ, ಈ ಮೂರರ ತಲೆಯೂ ಒಂದೇ ಗೆರೆಯಲ್ಲಿ ಬರಬೇಕು. ಇದಕ್ಕೆ ಸೈಟ್ ಅಲೈನ್‌ಮೆಂಟ್ ಎನ್ನುತ್ತಾರೆ. ಹೀಗೆ ಹೊಂದಿಸಿಕೊಂಡ ಸೈಟ್‌ಗಳನ್ನು ಟಾರ್ಗೆಟ್ ಮೇಲೆ ಎಲ್ಲಿ ನಿಲ್ಲಿಸುತ್ತೇವೆ ಎಂಬುದು ಬೇರೆ ವಿಷಯ. ಎರಡನ್ನೂ ಒಂದೇ ಎಂದುಕೊಂಡಲ್ಲಿಂದಲೇ ಹೊಸಬರ ಕಷ್ಟ ಆರಂಭವಾಗುತ್ತದೆ. ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಬೇಕು, ಏಕೆಂದರೆ ಈ ಒಂದು ಲೆಕ್ಕ ಮನಸ್ಸಿಗೆ ಇಳಿದರೆ ಕೋಚ್ ನೂರು ಸಲ ಹೇಳುವ ಮಾತು ತಾನಾಗಿ ಅರ್ಥವಾಗುತ್ತದೆ.

ಎರಡು ಸೈಟ್‌ಗಳ ನಡುವಿನ ಅಂತರ ಸುಮಾರು 35 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಟಾರ್ಗೆಟ್ 10 ಮೀಟರ್ ದೂರದಲ್ಲಿದೆ, ಅಂದರೆ ಆ ಅಂತರದ 28 ಪಟ್ಟಿಗಿಂತ ತುಸು ಹೆಚ್ಚು. ಕಚ್ಚಿನೊಳಗೆ ಫ್ರಂಟ್ ಸೈಟ್ 1 ಮಿಲಿಮೀಟರ್ ಬಲಕ್ಕೆ ಸರಿದರೆ ಗುಂಡು ಟಾರ್ಗೆಟ್‌ನಲ್ಲಿ 28 ಮಿಲಿಮೀಟರ್ ಬಲಕ್ಕೆ ಬೀಳುತ್ತದೆ. ಹತ್ತಾಗಬೇಕಿದ್ದದ್ದು ಏಳಾಯಿತು. ಈಗ ಇನ್ನೊಂದು ತಪ್ಪನ್ನು ನೋಡಿ. ಸೈಟ್‌ಗಳು ಪರಸ್ಪರ ಸರಿಯಾಗಿ ಹೊಂದಿಕೊಂಡೇ ಇವೆ, ಆದರೆ ತೋಳು ಅಲುಗಿ ಪಿಸ್ತೂಲಿನ ತುದಿ 1 ಮಿಲಿಮೀಟರ್ ಬಲಕ್ಕೆ ಹೋಯಿತು. ಫ್ರಂಟ್ ಸೈಟ್ ಕಣ್ಣಿನಿಂದ ಸುಮಾರು 1 ಮೀಟರ್ ದೂರದಲ್ಲಿರುವುದರಿಂದ ಗುಂಡು ತಪ್ಪುವುದು ಸುಮಾರು 10 ಮಿಲಿಮೀಟರ್ ಮಾತ್ರ. ಅದು ಒಂಬತ್ತು. ಅದೇ 1 ಮಿಲಿಮೀಟರ್. ಒಂದು ಕಡೆ ದಂಡ ಒಂದು ಅಂಕ, ಇನ್ನೊಂದು ಕಡೆ ಮೂರು!

ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಇನ್ನೊಂದಿದೆ. ತೋಳಿನ ಓಲಾಟ ದೊಡ್ಡದಾಗಿ ಕಣ್ಣಿಗೆ ಹೊಡೆದು ಕಾಣುತ್ತದೆ, ಮನಸ್ಸನ್ನು ಕದಡುತ್ತದೆ. ಸೈಟ್ ಸರಿದದ್ದು ಕಾಣುವುದೇ ಇಲ್ಲ, ಏಕೆಂದರೆ ಆ ಹೊತ್ತಿಗೆ ಹೊಸಬರ ಕಣ್ಣು ಸೈಟ್ ಬಿಟ್ಟು ಟಾರ್ಗೆಟ್ ಕಡೆ ಓಡಿರುತ್ತದೆ. ಕಾಣುವ ಸಣ್ಣ ತಪ್ಪನ್ನು ತಿದ್ದಲು ಹೋಗಿ ಕಾಣದ ದೊಡ್ಡ ತಪ್ಪು ಮಾಡುತ್ತಾರೆ. ಸೈಟ್‌ಗಳನ್ನು ಹೊಂದಿಸಿಟ್ಟುಕೊಂಡು, ಅಲುಗಾಟವೆಲ್ಲ ಕಪ್ಪು ವೃತ್ತದಷ್ಟು ಅಗಲದೊಳಗೇ ನಡೆಯುವಂತೆ ನೋಡಿಕೊಂಡರೆ, ಟ್ರಿಗರ್ ಕೆಡಿಸದ ಯಾವ ಗುಂಡೂ ಏಳಕ್ಕಿಂತ ಕೆಳಗೆ ಹೋಗುವುದಿಲ್ಲ. ಕೈ ಓಲಾಡುತ್ತಲೇ ಹತ್ತರ ಮೇಲೂ ಹಾದುಹೋಗುವುದರಿಂದ ಒಂಬತ್ತು, ಹತ್ತು ಕೂಡ ಬರುತ್ತವೆ. ಮೊದಲ ತಿಂಗಳಲ್ಲಿರುವವರಿಗೆ ಇದಕ್ಕಿಂತ ಸಿಹಿಸುದ್ದಿ ಬೇರೆ ಬೇಕೇ?

ದೂರ ಹೆಚ್ಚಾದಂತೆ ಈ ಲೆಕ್ಕ ಇನ್ನಷ್ಟು ನಿರ್ದಯವಾಗುತ್ತದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದವರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅವರು ಇಳಿದದ್ದು 50 ಮೀಟರ್ ಪಿಸ್ತೂಲ್ ಸ್ಪರ್ಧೆಗೆ. ಅಲ್ಲಿಯೂ ಒಂದೇ ಕೈ, ಅಲ್ಲಿಯೂ ಕಚ್ಚು ಮತ್ತು ಕಂಬ. 35 ಸೆಂಟಿಮೀಟರ್ ಅಂತರದ ಸೈಟ್‌ಗಳಲ್ಲಿ 1 ಮಿಲಿಮೀಟರ್ ತಪ್ಪು 50 ಮೀಟರ್ ತಲುಪುವಷ್ಟರಲ್ಲಿ 14 ಸೆಂಟಿಮೀಟರ್ ದಾಟುತ್ತದೆ. ಆ ಟಾರ್ಗೆಟ್‌ನ ಹತ್ತರ ವೃತ್ತದ ವ್ಯಾಸ 5 ಸೆಂಟಿಮೀಟರ್. ರಿಯೊ ನಂತರ ಒಲಿಂಪಿಕ್ಸ್‌ನಿಂದ ಆ ಸ್ಪರ್ಧೆಯನ್ನು ಕೈಬಿಟ್ಟದ್ದು ಸೈಟ್ ಕಲೆಯನ್ನು ಪ್ರೀತಿಸುವವರಿಗೆಲ್ಲ ನಷ್ಟವೇ.

ಇನ್ನು ಕಣ್ಣು. ಮನುಷ್ಯನ ಕಣ್ಣು ಒಂದು ಹೊತ್ತಿಗೆ ಒಂದೇ ದೂರವನ್ನು ನಿಚ್ಚಳವಾಗಿ ನೋಡಬಲ್ಲದು. ಸೂಜಿಗೆ ದಾರ ಪೋಣಿಸುವಾಗ ಸೂಜಿಕಣ್ಣು ಸ್ಪಷ್ಟ, ಹಿಂದಿನ ಗೋಡೆ ಮಸುಕು. ಇಲ್ಲಿಯೂ ಸ್ಪಷ್ಟವಾಗಿ ಕಾಣಬೇಕಾದದ್ದು ಫ್ರಂಟ್ ಸೈಟ್ ಒಂದೇ. ಅದರ ಮೇಲಂಚು ಬ್ಲೇಡಿನಿಂದ ಕೊಯ್ದಂತೆ ಹರಿತವಾಗಿ ಕಾಣಲಿ. ರಿಯರ್ ಸೈಟ್ ತುಸು ಮಂಕಾಗುತ್ತದೆ, ಟಾರ್ಗೆಟ್ ಬೂದುಬಣ್ಣದ ಉಂಡೆಯಂತೆ ತೇಲುತ್ತದೆ, ತೇಲಲಿ. ಟಾರ್ಗೆಟ್ ಸ್ಪಷ್ಟವಾಗಿ ಕಂಡ ಕ್ಷಣವೇ ಅಪಾಯ ಬಂತೆಂದು ತಿಳಿಯಬೇಕು. ನಲವತ್ತು ದಾಟಿದವರಿಗೆ ಫ್ರಂಟ್ ಸೈಟೇ ಮಂಜಾಗುವುದುಂಟು. ಕಣ್ಣಿನ ವೈದ್ಯರಲ್ಲಿಗೆ ಹೋದಾಗ ಓದುವ ದೂರದ ಕನ್ನಡಕ ಬೇಡ, ಚಾಚಿದ ಕೈಗಿಂತ ತುಸು ಆಚೆಗಿನ ವಸ್ತು ನಿಚ್ಚಳವಾಗುವಂಥ ಗಾಜು ಬೇಕು ಎಂದು ಬಿಡಿಸಿ ಹೇಳಬೇಕು. ಇನ್ನೊಂದು ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡರೆ ನೋಡುವ ಕಣ್ಣೂ ದಣಿಯುತ್ತದೆ. ಅದಕ್ಕೇ ಕೆಲವರು ಆ ಕಣ್ಣಿನ ಮುಂದೆ ಒಂದು ಪಟ್ಟಿ ಇಳಿಬಿಟ್ಟುಕೊಳ್ಳುತ್ತಾರೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಮಿಶ್ರ ತಂಡ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದ ಟರ್ಕಿಯ ಯೂಸುಫ್ ಡಿಕೆಚ್ ಎರಡೂ ಕಣ್ಣು ತೆರೆದು, ಮಾಮೂಲಿ ಕನ್ನಡಕದಲ್ಲೇ ಗುಂಡು ಹಾರಿಸಿ ಲೋಕವನ್ನೆಲ್ಲ ಬೆರಗುಗೊಳಿಸಿದರು.

ಹಾಗಾದರೆ ಕಪ್ಪು ವೃತ್ತದ ನಟ್ಟನಡುವೆ ಕಂಬ ನಿಲ್ಲಿಸಬೇಕೇ? ಬೇಡ. ಕಪ್ಪಿನ ಮೇಲೆ ಕಪ್ಪು ಕಂಬ ಕರಗಿಹೋಗುತ್ತದೆ, ಅದರ ಅಂಚು ಹುಡುಕುವುದರಲ್ಲೇ ಕಣ್ಣು ಸೋಲುತ್ತದೆ. ಕಪ್ಪಿನ ಕೆಳಗಿನ ಬಿಳಿ ಭಾಗದಲ್ಲಿ, ವೃತ್ತಕ್ಕೆ ತಾಗಿಸದೆ ಒಂದು ಬಿಳಿ ಪಟ್ಟಿ ಉಳಿಯುವಂತೆ ಸೈಟ್‌ಗಳನ್ನು ಹಿಡಿದು, ಗುಂಡು ಮೇಲೆ ಹತ್ತಕ್ಕೆ ಬೀಳುವಂತೆ ರಿಯರ್ ಸೈಟ್ ತಿರುಪು ಹೊಂದಿಸಿಕೊಳ್ಳುವುದು ವಾಡಿಕೆ. ಪಟ್ಟಿ ಎಷ್ಟು ದಪ್ಪ ಎಂದು ಅಳೆಯುತ್ತ ಕೂರಬಾರದು. ಬಿಂದುವಿಗೆ ಗುರಿಯಿಡುವುದಲ್ಲ, ಒಂದು ಪ್ರದೇಶಕ್ಕೆ ಗುರಿಯಿಡುವುದು.

ಈಗ ಎಲ್ಲಕ್ಕಿಂತ ಹಟಮಾರಿಯಾದ ತಪ್ಪು ಕಲ್ಪನೆಗೆ ಬರೋಣ. ಓಲಾಡುವ ಸೈಟ್ ಹತ್ತರ ಕೆಳಗೆ ಬಂದ ತಕ್ಷಣ ಟ್ರಿಗರ್ ಎಳೆದುಬಿಟ್ಟರೆ ಆಯಿತಲ್ಲ? ಕೇಳಲು ತರ್ಕಬದ್ಧವಾಗಿಯೇ ಇದೆ. ಆದರೆ ಕಣ್ಣು ಕಂಡದ್ದು ಮಿದುಳಿಗೆ ಹೋಗಿ, ಅಲ್ಲಿಂದ ಬೆರಳಿಗೆ ಅಪ್ಪಣೆ ಬಂದು ಬೆರಳು ಮಡಚುವಷ್ಟರಲ್ಲಿ ಸುಮಾರು ಒಂದು ಸೆಕೆಂಡಿನ ಐದನೇ ಒಂದು ಭಾಗ ಕಳೆದಿರುತ್ತದೆ. ಅಷ್ಟರಲ್ಲಿ ಕೈ ಆ ಜಾಗ ಬಿಟ್ಟು ಹೋಗಿಯಾಗಿದೆ. ಅವಸರದ ಅಪ್ಪಣೆ ಬೆರಳೊಂದಕ್ಕೇ ಹೋಗುವುದೂ ಇಲ್ಲ. ಇಡೀ ಮುಷ್ಟಿ ಬಿಗಿಯುತ್ತದೆ, ಮಣಿಕಟ್ಟು ಕುಸಿಯುತ್ತದೆ, ಪಿಸ್ತೂಲಿನ ಮೂತಿ ಕೆಳಗಿಳಿಯುತ್ತದೆ. ಬಲಗೈಯವರ ಟಾರ್ಗೆಟ್‌ನಲ್ಲಿ ಎಡಕೆಳಗೆ ಗುಂಪಾಗಿ ಬಿದ್ದ ತೂತುಗಳನ್ನು ಕಂಡರೆ ಅನುಭವಿ ಕೋಚ್ ಪಿಸ್ತೂಲಿನ ಕಡೆ ನೋಡುವುದೇ ಇಲ್ಲ, ನೇರ ತೋರುಬೆರಳನ್ನು ನೋಡುತ್ತಾರೆ.

ಇದನ್ನು ನಂಬದವರಿಗೆ ಒಂದು ಪರೀಕ್ಷೆಯಿದೆ. ಕೋಚ್ ಪಿಸ್ತೂಲನ್ನು ತಾವೇ ಸಿದ್ಧಮಾಡಿ ಕೈಗಿಡುತ್ತಾರೆ. ಕೆಲವು ಸಲ ಒಳಗೆ ಪೆಲೆಟ್ಟೂ ಗಾಳಿಯೂ ಇರುತ್ತವೆ, ಕೆಲವು ಸಲ ಬರೀ ಟ್ರಿಗರ್ ಬಿಗಿದಿರುತ್ತದೆ. ಯಾವಾಗ ಯಾವುದೆಂದು ಹೊಡೆಯುವವರಿಗೆ ಗೊತ್ತಿಲ್ಲ. ನಿಜವಾದ ಗುಂಡು ಹೋದಾಗ ಸದ್ದಿನಲ್ಲಿ ಎಲ್ಲ ಮುಚ್ಚಿಹೋಗುತ್ತದೆ. ಖಾಲಿ ಸಲ ಬಂದಾಗ ‘ಟಿಕ್’ ಎಂಬ ಸಣ್ಣ ಸದ್ದಷ್ಟೇ, ಅದರ ಜೊತೆಗೇ ಫ್ರಂಟ್ ಸೈಟ್ ಕಚ್ಚಿನೊಳಗೆ ಮುಳುಗಿ ಎಡಕ್ಕೆ ವಾಲುವುದು ಹೊಡೆಯುವವರಿಗೇ ಕಣ್ಣಾರೆ ಕಾಣುತ್ತದೆ. ಮಾತಿನಲ್ಲಿ ಒಪ್ಪದವರು ಅಲ್ಲಿ ಒಪ್ಪುತ್ತಾರೆ.

ಪರಿಹಾರ ಹೀಗಿದೆ. ಸೈಟ್ ಗುರಿಯ ಪ್ರದೇಶಕ್ಕೆ ಇಳಿಯುವಾಗಲೇ ಟ್ರಿಗರ್‌ನ ಮೊದಲ ಹಂತದ ಒತ್ತಡ ತೆಗೆದಿಡಬೇಕು. ಅಲ್ಲಿ ನೆಲೆಗೊಂಡ ಮೇಲೆ ಉಳಿದ ಒತ್ತಡವನ್ನು ನಿಲ್ಲಿಸದೆ, ಏರುಪೇರಿಲ್ಲದೆ, ನಳಿಗೆಯ ನೇರಕ್ಕೆ ಹಿಂದಕ್ಕೆ ಹೆಚ್ಚಿಸುತ್ತ ಹೋಗಬೇಕು. ಕಣ್ಣು ಸೈಟ್ ಕಾಯುತ್ತಿರಲಿ, ಬೆರಳು ತನ್ನ ಕೆಲಸ ಮಾಡುತ್ತಿರಲಿ. ಗುಂಡು ಯಾವ ಕ್ಷಣಕ್ಕೆ ಹೋಗುತ್ತದೆ ಎಂಬ ನಿಖರ ಲೆಕ್ಕ ಹೊಸಬರಿಗೆ ಬೇಡ. ಹೋದ ಮೇಲೂ ಒಂದೆರಡು ಸೆಕೆಂಡು ಸೈಟ್‌ಗಳನ್ನು ಹಾಗೆಯೇ ನೋಡುತ್ತ ನಿಲ್ಲಬೇಕು. ಪೆಲೆಟ್ ನಳಿಗೆ ದಾಟಲು ಬೇಕಾದದ್ದು ಕೆಲವೇ ಮಿಲಿಸೆಕೆಂಡ್. ಆದರೂ ಹೊಡೆದ ಕೂಡಲೇ ಕೈ ಇಳಿಸುವ ಅಭ್ಯಾಸವಾದರೆ, ಆ ಇಳಿತ ದಿನದಿಂದ ದಿನಕ್ಕೆ ಮುಂದೆ ಸರಿದು ಗುಂಡು ಹೋಗುವ ಮೊದಲೇ ಶುರುವಾಗಿಬಿಡುತ್ತದೆ.

ನಿಲುವು, ಹಿಡಿತಗಳ ಬಗ್ಗೆ ಪುಸ್ತಕಗಳಲ್ಲಿ ಪುಟಗಟ್ಟಲೆ ಇದೆ. ಇಲ್ಲಿಗೆ ಒಂದು ಪರೀಕ್ಷೆ ಸಾಕು: ಖಾಲಿ ಪಿಸ್ತೂಲಿನಿಂದ ಗುರಿ ಹಿಡಿದು, ಕಣ್ಣು ಮುಚ್ಚಿ ಎರಡು ಉಸಿರೆಳೆದು ಕಣ್ಣು ತೆರೆಯಿರಿ. ಸೈಟ್ ಟಾರ್ಗೆಟ್‌ನ ಪಕ್ಕಕ್ಕೆ ಹೋಗಿದ್ದರೆ ತೋಳಿನಿಂದ ಎಳೆದು ತರಬೇಡಿ, ಹಿಂದಿನ ಪಾದವನ್ನು ತುಸು ಸರಿಸಿ. ತೋಳಿನಿಂದ ಎಳೆದದ್ದು ಗುಂಡು ಹೋಗುವ ಹೊತ್ತಿಗೆ ಮತ್ತೆ ತನ್ನ ಜಾಗಕ್ಕೇ ಮರಳುತ್ತದೆ.

ಗುರಿ ಹಿಡಿದು ಎಂಟು ಹತ್ತು ಸೆಕೆಂಡಿನೊಳಗೆ ಗುಂಡು ಹೋಗದಿದ್ದರೆ ಕೈ ಇಳಿಸಬೇಕು. ಅದಾದ ಮೇಲೆ ಉಸಿರು ಸಾಲದು, ಕಣ್ಣು ಹಳೆಯ ಚಿತ್ರವನ್ನೇ ತೋರಿಸುತ್ತಿರುತ್ತದೆ, ಅಲುಗಾಟ ಬೆಳೆಯುತ್ತದೆ. ಇಳಿಸಿದರೆ ಸೋತಂತೆ ಎಂದು ಹೊಸಬರಿಗೆ ಅನ್ನಿಸುತ್ತದೆ. 60 ಗುಂಡಿಗೆ 75 ನಿಮಿಷ ಕೊಟ್ಟಿರುವಾಗ ಒಂದು ಗುಂಡಿಗೆ ಒಂದೂಕಾಲು ನಿಮಿಷ ಸಿಗುತ್ತದೆ ಎಂಬುದನ್ನು ಅವರು ಮರೆತಿರುತ್ತಾರೆ. ಎಲ್ಲ ಗುಂಡೂ ಹತ್ತೇ ಆಗಬೇಕೆಂದೂ ಇಲ್ಲ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಮನು ಭಾಕರ್ 10 ಮೀಟರ್ ಏರ್ ಪಿಸ್ತೂಲಿನ ಅರ್ಹತಾ ಸುತ್ತಿನಲ್ಲಿ ಗಳಿಸಿದ್ದು 600ಕ್ಕೆ 580. ಅಂದರೆ ಕಂಚು ಗೆದ್ದವರೂ ಸಾಕಷ್ಟು ಸಲ ಹತ್ತರ ಹೊರಗೆ ಹೊಡೆದಿದ್ದಾರೆ. ಫೈನಲ್‌ನಲ್ಲಿ 22 ಗುಂಡುಗಳ ನಂತರ ಅವರ ಅಂಕ 221.7, ಅವರಿಗಿಂತ ಮುಂದಿದ್ದ ಕೊರಿಯಾದ ಕಿಮ್ ಯೆಜಿ ಅವರದು 221.8. ಫೈನಲ್‌ನಲ್ಲಿ ದಶಾಂಶದ 0.1 ಎಂದರೆ ಟಾರ್ಗೆಟ್ ಮೇಲೆ 0.8 ಮಿಲಿಮೀಟರ್. ಹಿಂದಿನ ಲೆಕ್ಕಕ್ಕೆ ಅದನ್ನು ಹಾಕಿದರೆ, ಫ್ರಂಟ್ ಸೈಟ್‌ನಲ್ಲಿ ಅದು ಒಂದು ಮಿಲಿಮೀಟರಿನ ನೂರರಲ್ಲಿ ಸುಮಾರು ಮೂರು ಭಾಗ!

ಅಭ್ಯಾಸದ ಹೆಚ್ಚಿನ ಪಾಲು ಗುಂಡಿಲ್ಲದೆ ನಡೆಯಬೇಕು. ನಳಿಗೆ ಖಾಲಿಯಿದೆಯೆಂದು ಕಣ್ಣಿಂದ ನೋಡಿ, ಆಚೆ ಯಾರೂ ಇಲ್ಲದ ಬಿಳಿ ಗೋಡೆಯ ಮುಂದೆ ನಿಂತು, ಟಾರ್ಗೆಟ್ ಇಲ್ಲದೆ ಬರೀ ಸೈಟ್ ನೋಡುತ್ತ ಟ್ರಿಗರ್ ಒತ್ತುವುದನ್ನು ಡ್ರೈ ಫೈರಿಂಗ್ ಎನ್ನುತ್ತಾರೆ. ಸ್ಪರ್ಧೆಯ ಪಿಸ್ತೂಲ್‌ಗಳಲ್ಲಿ ಇದಕ್ಕೆಂದೇ ವ್ಯವಸ್ಥೆ ಇರುತ್ತದೆ. ಸ್ಪ್ರಿಂಗ್ ಪಿಸ್ತೂಲನ್ನು ಹೀಗೆ ಖಾಲಿ ಹೊಡೆದರೆ ಅದರ ಪಿಸ್ಟನ್ ಸೀಲ್ ಹಾಳಾಗುತ್ತದೆ. ರೇಂಜ್‌ನಲ್ಲಿಯೂ ಟಾರ್ಗೆಟ್ ಕಾರ್ಡನ್ನು ತಿರುವಿಹಾಕಿ ಖಾಲಿ ಬಿಳಿ ಹಾಳೆಗೆ ಐದೈದು ಗುಂಡು ಹೊಡೆದು ನೋಡಬಹುದು. ನೋಡಲು ಕಪ್ಪು ವೃತ್ತವೇ ಇಲ್ಲದಿರುವಾಗ ಕಣ್ಣು ತಾನಾಗಿ ಸೈಟ್ ಮೇಲೆ ನಿಲ್ಲುತ್ತದೆ, ಗುಂಪು ಬಿಗಿಯಾಗುವುದನ್ನು ಕಂಡು ಹಲವರು ಅಚ್ಚರಿಪಡುತ್ತಾರೆ. ಗುಂಪು ಬಿಗಿಯಾಗುವ ತನಕ ಸೈಟ್ ತಿರುಪಿಗೆ ಕೈ ಹಚ್ಚಬಾರದು. ಆಮೇಲೆ ಗುಂಡು ಯಾವ ಕಡೆ ಹೋಗಬೇಕೋ ಆ ಕಡೆಗೆ ರಿಯರ್ ಸೈಟ್ ಸರಿಸಿದರಾಯಿತು.

ಇಷ್ಟು ಓದಿದವರು ಇಲ್ಲಿಗೆ ನಿಲ್ಲದಿರಲಿ. ಕಣ್ಣಿನ ಮಸೂರ ವಯಸ್ಸಿನೊಂದಿಗೆ ಹೇಗೆ ಬಿಗಿಯಾಗುತ್ತದೆ, ಒತ್ತಡದಲ್ಲಿ ಎದೆಬಡಿತ ಏರಿದಾಗ ತೋಳಿಗೆ ಏನಾಗುತ್ತದೆ, ಸಣ್ಣ ಸ್ನಾಯುಗಳ ಹಿಡಿತವನ್ನು ಮಿದುಳು ಹೇಗೆ ಕಲಿಯುತ್ತದೆ — ಒಂದೊಂದೂ ಪ್ರತ್ಯೇಕ ಹೊತ್ತಿಗೆಗೆ ಸಾಕಾಗುವಷ್ಟು ಸ್ವಾರಸ್ಯದ ವಿಷಯ. ಕನ್ನಡದಲ್ಲಿ ಇವುಗಳ ಮೇಲೆ ಬರೆಯುವ ವೈದ್ಯರು, ಕೋಚ್‌ಗಳು ಇನ್ನಷ್ಟು ಬೇಕು. ಅಷ್ಟರವರೆಗೆ ಹೊಸಬರು ತಾವೇ ಒಂದು ಪುಸ್ತಕ ಇಟ್ಟುಕೊಳ್ಳಬಹುದು. ಗುಂಡು ಹೋದ ಕೂಡಲೇ ಟಾರ್ಗೆಟ್ ನೋಡುವ ಮೊದಲು, ಆ ಕ್ಷಣದಲ್ಲಿ ಫ್ರಂಟ್ ಸೈಟ್ ಎಲ್ಲಿತ್ತು ಎಂದು ಅದರಲ್ಲಿ ಗುರುತು ಹಾಕಬೇಕು, ಆಮೇಲೆ ತೂತು ಎಲ್ಲಿದೆ ಎಂದು ಪಕ್ಕದಲ್ಲೇ ಬರೆಯಬೇಕು. ಎರಡೂ ಗುರುತುಗಳು ಹತ್ತಿರ ಬರತೊಡಗಿದ ಮೇಲೆ ಕೋಚ್ ಬಳಿ ಕೇಳುವ ಪ್ರಶ್ನೆಗಳೇ ಬದಲಾಗುತ್ತವೆ.