ಸಾಯದ ಕಳೆಗೆ ಎಷ್ಟು ದುಡ್ಡು?

ಮುಂಗಾರು ಹಿಡಿದ ಮೇಲೆ ಮೂಡಿಗೆರೆ ಸೀಮೆಯ ಕಾಫಿ ತೋಟಗಳಲ್ಲಿ ಮಾತು ಎರಡೇ: ಒಂದು ಕೊಳೆರೋಗ, ಇನ್ನೊಂದು ಕಳೆ. ಆಳು ಸಿಗುವುದಿಲ್ಲ, ಸಿಕ್ಕರೆ ಕೂಲಿ ಕೈಗೆಟಕುವುದಿಲ್ಲ. ಹೀಗಾಗಿ ಗ್ಲೈಫೋಸೇಟ್ ಎಂಬ ಕಳೆನಾಶಕ ಬೆನ್ನೇರುತ್ತದೆ.

ಮೊದಲ ಲೆಕ್ಕದಲ್ಲಿ ಅದು ಅಗ್ಗವೇ. 41 ಪರ್ಸೆಂಟಿನ ದ್ರಾವಣಕ್ಕೆ ಚಹಾ ತೋಟದಲ್ಲಿ ಹೇಳಿರುವ ಪ್ರಮಾಣ ಹೆಕ್ಟೇರಿಗೆ 2ರಿಂದ 3 ಲೀಟರ್, ನೀರು 450 ಲೀಟರ್. ಎಕರೆಗೆ ಇಳಿಸಿದರೆ ಹೆಚ್ಚೆಂದರೆ 1.2 ಲೀಟರ್ ಔಷಧಿ, 180 ಲೀಟರ್ ನೀರು. 16 ಲೀಟರಿನ ಕ್ಯಾನಿನಲ್ಲಿ ಹನ್ನೊಂದು ಚಿಲ್ಲರೆ. ಲೀಟರಿಗೆ ₹500, ಹೊಡೆಯುವವರಿಗೆ ₹700 ಎಂದು ಹಿಡಿಯೋಣ: ಒಟ್ಟು ₹1,300. ಅದೇ ಎಕರೆಗೆ ₹500ರಂತೆ ಎಂಟು ಆಳು ಬಿಟ್ಟರೆ ₹4,000. (ಚಹಾ ಎಂದೆ, ಕಾಫಿ ಎನ್ನಲಿಲ್ಲ. ಲೇಬಲ್ಲಿನಲ್ಲಿ ಕಾಫಿಯ ಹೆಸರಿಲ್ಲ. 2022ರ ಅಕ್ಟೋಬರಿನ ಕೇಂದ್ರದ ಆದೇಶವಂತೂ ಸಿಂಪಡಣೆಯನ್ನು ಪರವಾನಗಿ ಪಡೆದ ಕೀಟ ನಿಯಂತ್ರಕರಿಗಷ್ಟೇ ಬಿಟ್ಟಿತು.)

ಕಳೆ ಸಾಯದಿದ್ದರೆ? ಸಾಮಾನ್ಯವಾಗಿ ಮಾಡುವುದು ಡಬಲ್ ಡೋಸ್. 2.4 ಲೀಟರಿಗೆ ₹1,200, ಹೊಡೆಯಲು ₹700. ಉಳಿದದ್ದನ್ನು ತೆಗೆಯಲು ನಾಲ್ಕು ಆಳು, ₹2,000. ಒಟ್ಟು ₹3,900. ಇಷ್ಟೆಲ್ಲ ವಿಷ ಸುರಿದು ಉಳಿಸಿದ್ದು ನೂರು ರೂಪಾಯಿ.

ಸಾಯದ ಕಳೆಯೆಲ್ಲ ಔಷಧಿ ಅರಗಿಸಿಕೊಂಡ ಕಳೆಯಲ್ಲ. ಹಳ್ಳದ ಕೆಂಪು ನೀರು ಬೆರೆಸಿದರೆ ಅದರ ಮಣ್ಣೇ ಗ್ಲೈಫೋಸೇಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಹೊಡೆದ ಬೆನ್ನಿಗೇ ಮಳೆ ಬಂದರೆ ತೊಳೆದುಹೋಗುತ್ತದೆ. ಇಲ್ಲಿನ ಜುಲೈನಲ್ಲಿ ಅದು ನಿತ್ಯದ ಕತೆ. ಕನ್ನೆಸೊಪ್ಪಂತೂ ಹುಟ್ಟಿನಿಂದಲೇ ಗಟ್ಟಿ. ಪಟ್ಟೆಯಲ್ಲಿ ಎಲ್ಲ ಜಾತಿಯೂ ಅರೆಬರೆ ಸತ್ತಿದ್ದರೆ ತಪ್ಪು ಸಿಂಪಡಣೆಯದು. ಮಿಕ್ಕೆಲ್ಲ ಒಣಗಿ, ಒಂದೇ ಜಾತಿಯಲ್ಲಿ ಸತ್ತ ಗಿಡದ ಪಕ್ಕಕ್ಕೇ ಹಸಿರು ಗಿಡ ನಿಂತಿದ್ದರೆ ಅದು ಔಷಧಿ ಅರಗಿಸಿಕೊಂಡದ್ದೆಂದು ಅನುಮಾನಪಡಬೇಕು.

ಔಷಧಿ ಇಂಥ ಗಿಡವನ್ನು ಹುಟ್ಟಿಸುವುದಿಲ್ಲ. ಮೊದಲೇ ಎಲ್ಲೋ ಒಂದಿದ್ದದ್ದನ್ನು ಉಳಿಸಿ, ಅದರ ಅಕ್ಕಪಕ್ಕದ ಜಾಗ ಖಾಲಿ ಮಾಡಿಕೊಡುತ್ತದೆ. ಗ್ಲೈಫೋಸೇಟ್ ಮಾರುಕಟ್ಟೆಗೆ ಬಂದದ್ದು 1974ರಲ್ಲಿ. 1996ರಲ್ಲಿ ಆಸ್ಟ್ರೇಲಿಯಾದ ರೈ ಹುಲ್ಲು ಅದಕ್ಕೆ ಬಗ್ಗಲಿಲ್ಲ. ಮರುವರ್ಷ ಮಲೇಷ್ಯಾದಲ್ಲಿ ನಮ್ಮ ರಾಗಿಯ ಹತ್ತಿರದ ನೆಂಟನಾದ ಇಲೂಸಿನ್ ಇಂಡಿಕಾ. 2005ರಲ್ಲಿ ಬ್ರೆಜಿಲ್‌ನ ಕೋನೈಜಾ ಎಂಬ ಕಳೆ. ನಮ್ಮ ದೇಶದಲ್ಲಿ ಪಾಠ ಕಲಿಸಿದ್ದು ಹರಿಯಾಣದ ಗೋಧಿ: 1990ರ ದಶಕದ ಆರಂಭದಲ್ಲೇ ಅಲ್ಲಿನ ಫಲಾರಿಸ್ ಹುಲ್ಲಿಗೆ ಐಸೋಪ್ರೊಟ್ಯೂರಾನ್ ಎಂಬ ಕಳೆನಾಶಕ ನಾಟದಾಯಿತು.

ಕೋನೈಜಾದ ಒಂದು ದೊಡ್ಡ ಗಿಡ 2 ಲಕ್ಷದವರೆಗೆ ಬೀಜ ಬಿಡಬಲ್ಲದು, ಗಾಳಿಯಲ್ಲಿ ತೇಲಿಹೋಗುವ ಬೀಜ. ನೂರಕ್ಕೊಂದು ಮೊಳೆತರೂ 2,000 ಸಸಿ. ಎಕರೆಗೆ 40 ಗುಂಟೆ. ಎಲ್ಲವೂ ಅದೇ ಎಕರೆಯಲ್ಲಿ ಬಿದ್ದರೆ ಗುಂಟೆಗೆ 50. ಬೀಜ ಬೇಲಿ ನೋಡುವುದಿಲ್ಲವಾದ್ದರಿಂದ ಪಕ್ಕದ ತೋಟದವರಿಗೂ ಪಾಲು.

ಹಾಗೆಂದು ಎಂಟು ಆಳಿನ ಕಾಲಕ್ಕೆ ಮರಳಿ ಎನ್ನಲಾರೆ; ಆ ಎಂಟು ಜನ ಎಲ್ಲಿದ್ದಾರೆ? ಕಳೆ ಕತ್ತರಿಸುವ ಯಂತ್ರಕ್ಕೆ ಆಳು ಸೇರಿ ಎಕರೆಗೆ ₹1,500 ಆದರೆ ಎರಡು ಸಲಕ್ಕೆ ₹3,000; ಬೇರು ಉಳಿದು ಇಳಿಜಾರಿನ ಮಣ್ಣೂ ನಿಲ್ಲುತ್ತದೆ. ನೆರಳು ಕಡಿಮೆಯಾದಲ್ಲೇ ಕಳೆ ಹೆಚ್ಚು, ಆದ್ದರಿಂದ ಮರ ಸವರುವಾಗಲೇ ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ಔಷಧಿಗೆ ಬಗ್ಗದೆ ನಿಂತ ಹತ್ತಿಪ್ಪತ್ತು ಗಿಡಗಳನ್ನು ಹೂ ಬಿಡುವ ಮೊದಲೇ ಬೇರುಸಹಿತ ಕಿತ್ತು ಹಾಕಲು ಒಬ್ಬರಿಗೆ ಅರ್ಧ ದಿನ ಸಾಕು: ₹250.