‘ರಾಜಮನೆತನದ ಪೀಠೋಪಕರಣ’ ಎಂದರೆ ನಂಬುವುದು ಹೇಗೆ? ಮಸ್ತಾನಿ ಮಹಲ್‌ನಿಂದ ಜರ್ಮನ್ ಪಾರ್ಕೆಟ್ರಿವರೆಗೆ
ಪುಣೆ: ಹಳೆಯ ವಾಡೆಯೊಂದು ನೆಲಕ್ಕುರುಳಿದರೆ ಅದರ ಬಾಗಿಲು, ಕಂಬ, ಕಪಾಟುಗಳು ಮಾರಾಟಕ್ಕೆ ಬರುತ್ತವೆ. ಅಂಗಡಿ ಸೇರುವ ಹೊತ್ತಿಗೆ ಸಾದಾ ಕಪಾಟೂ ‘ಸರದಾರರ ಮನೆಯದು’ ಆಗಿಬಿಡಬಹುದು. ಬಣ್ಣಬಣ್ಣದ ಮರದ ಚೂರು ಜೋಡಿಸಿದ ಯುರೋಪಿನ ಮೇಜಾದರಂತೂ ‘ಜರ್ಮನ್ ರಾಜಮನೆತನದ್ದು’ ಎಂಬ ಮಾತು ಬೆಲೆಯನ್ನೇ ಬದಲಿಸುತ್ತದೆ.

ಅಂಥ ಮಾತನ್ನು ಅಳೆಯಲು ಪುಣೆಯಲ್ಲೇ ಒಂದು ಉದಾಹರಣೆ ಇದೆ. ಮೊದಲನೇ ಬಾಜೀರಾಯ ಪೇಶ್ವೆ 1734ರಲ್ಲಿ ಮಸ್ತಾನಿಗಾಗಿ ಕೊಥ್ರೂಡ್‌ನಲ್ಲಿ ಮಹಲು ಕಟ್ಟಿಸಿದ್ದ. ಅದನ್ನು ಬಿಚ್ಚಿದ ಮೇಲೆ ಉಳಿದ ಭಾಗಗಳು ಈಗ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯದಲ್ಲಿ ‘ಮಸ್ತಾನಿ ಮಹಲ್’ ಎಂಬ ಹೆಸರಿನಲ್ಲೇ ನಿಂತಿವೆ. ಕವಿಯೂ ಆಗಿದ್ದ ದಿನಕರ ಕೇಳ್ಕರ್ (1896–1990) ಎಳವೆಯಲ್ಲೇ ತೀರಿಕೊಂಡ ಮಗ ರಾಜಾನ ನೆನಪಿಗೆ ಕಟ್ಟಿದ ಸಂಗ್ರಹವಿದು. ಇಲ್ಲಿನ ಮರ ಯಾರ ಮನೆಯದು, ಯಾವ ಊರಿನದು ಎಂಬುದು ಅದರೊಂದಿಗೇ ಬಂದಿದೆ. ಅಂಗಡಿಯ ಕಪಾಟಿಗೆ ಇಲ್ಲದಿರುವುದು ಇದೇ.

ಪಾರ್ಕೆಟ್ರಿ ಎಂದರೇನು?

ತೆಳು ಮರದ ಹಾಳೆಗಳನ್ನು ಚೌಕ, ವಜ್ರಾಕಾರದಲ್ಲಿ ಕತ್ತರಿಸಿ ಪೀಠೋಪಕರಣದ ಮೇಲೆ ಅಂಟಿಸುವುದು ಪಾರ್ಕೆಟ್ರಿ. ಹೂವು, ಹಕ್ಕಿ, ಮನುಷ್ಯರ ಚಿತ್ರ ಬಂದರೆ ಅದು ಮಾರ್ಕೆಟ್ರಿ. ಮೈಸೂರಿನ ಬೀಟೆಮರದ ಇನ್‌ಲೇ ಬೇರೆ: ಅಲ್ಲಿ ಗಟ್ಟಿ ಮರವನ್ನು ಕೊರೆದು ಆ ತಗ್ಗಿನಲ್ಲಿ ಬೇರೆ ಬಣ್ಣದ ಚೂರು ಕೂರಿಸುತ್ತಾರೆ.

ಈ ಕಸುಬಿನಲ್ಲಿ 18ನೇ ಶತಮಾನದ ದೊಡ್ಡ ಹೆಸರು ಜರ್ಮನಿಯ ನಾಯ್‌ವೀಡ್‌ನ ಡೇವಿಡ್ ರೋಂಟ್‌ಗೆನ್. ಫ್ರಾನ್ಸ್‌ನ 16ನೇ ಲೂಯಿ, ರಷ್ಯಾದ ರಾಣಿ ಕ್ಯಾಥರೀನ್ ಅವನ ಗಿರಾಕಿಗಳು. 1779ರ ಸುಮಾರಿಗೆ ಪ್ರಷ್ಯಾದ ಯುವರಾಜನಿಗೆ ಮಾಡಿಕೊಟ್ಟ, ಸುಮಾರು 3.6 ಮೀಟರ್ ಎತ್ತರದ ಕಪಾಟು ಬರ್ಲಿನ್ ವಸ್ತುಸಂಗ್ರಹಾಲಯದಲ್ಲಿದೆ. ಯಾರಿಗಾಗಿ ಮಾಡಿದ್ದು, ಈಗ ಎಲ್ಲಿದೆ ಎಂಬುದರಲ್ಲಿ ಗೊಂದಲವಿಲ್ಲ. ಲೂಯಿ ಕೊಂಡ ಅದೇ ಬಗೆಯ ಕಪಾಟನ್ನು ಮಾತ್ರ ಮುಂದೆ ಬಿಚ್ಚಿಹಾಕಲಾಯಿತು. ಅದರದ್ದೇ ಹಲಗೆ ಎಂದು ಯಾರಾದರೂ ಇಂದು ಮುಂದೆ ತಂದಿಟ್ಟರೆ, ಕಾಗದ ಕೇಳದೆ ಒಪ್ಪುವ ತಜ್ಞರು ಸಿಗಲಿಕ್ಕಿಲ್ಲ.

ಏನನ್ನು ನೋಡಬೇಕು?

ಪಾರ್ಕೆಟ್ರಿ ಇದ್ದ ಮಾತ್ರಕ್ಕೆ ರಾಜವೈಭವ ಅಲ್ಲ. 19ನೇ ಶತಮಾನದಲ್ಲಿ ಹಳೆಯ ಶೈಲಿಯನ್ನು ಅನುಕರಿಸಿದ ಪೀಠೋಪಕರಣ ಬೇಕಾದಷ್ಟು ತಯಾರಾಯಿತು. ಕೈಗರಗಸದಲ್ಲಿ ಸೀಳಿದ ಮರದ ಹಾಳೆ ದಪ್ಪ, ಒಂದೇ ಸಮ ಇರುವುದಿಲ್ಲ. ಯಂತ್ರ ಕೊಯ್ದದ್ದು ತೆಳು, ಸಮ. ಇದು ಕಾಲವನ್ನು ಊಹಿಸಲು ನೆರವಾಗುತ್ತದೆ ಅಷ್ಟೆ, ಒಡೆಯನ ಹೆಸರನ್ನು ಹೇಳುವುದಿಲ್ಲ. ಅದಕ್ಕೆ ಬೇಕಾದ್ದು ಮನೆತನದ ದಾಸ್ತಾನು ಪಟ್ಟಿ, ಹಳೆಯ ರಸೀದಿ, ಆ ಕೋಣೆಯ ಹಳೆಯ ಫೋಟೊ. ‘ಅಜ್ಜ ಹೇಳುತ್ತಿದ್ದರು’ ಎಂಬುದು ಸುಳಿವಾದೀತು, ಪುರಾವೆಯಾಗದು.

ಕೊಳ್ಳುವವರು ಕಾನೂನನ್ನೂ ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯಡಿ ನೂರು ವರ್ಷ ದಾಟಿದ ಕಲಾಕುಸುರಿಯ ವಸ್ತು ಪ್ರಾಚ್ಯವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಹಳೆಯ ಇನ್‌ಲೇಯಲ್ಲಿ ಬಿಳಿ ಚೂರುಗಳಿದ್ದರೆ ಮೊದಲು ಅದು ಆನೆದಂತವೇ ಎಂದು ಪರೀಕ್ಷಿಸಿಕೊಳ್ಳಿ. ದಂತವಾದರೆ, ವಸ್ತು ಎಷ್ಟೇ ಹಳೆಯದಿರಲಿ, ಅದರ ಮಾರಾಟಕ್ಕೆ ವನ್ಯಜೀವಿ ಕಾಯ್ದೆ ಅಡ್ಡಬರುತ್ತದೆ.